ಸಂಡಿಗೆಯ ಮೇಲೆ ಕಟ್ಟಿದ ಟೇಪು

ಗೋವಿಂದರಾಜನಗರ
ಏಪ್ರಿಲ್ ೨೦೦೬

ಶರಣ್ಯಾ ಮಗಳೇ,

ನಿನ್ನ ಅತ್ತೆ ಕಲ್ಯಾಣಮ್ಮ ಬರೀತಿರೋ ಕಾಗದ ಇದು. ಒಂಬತ್ತು ದಿನದಿಂದ ಫೋನ್ ನಂಬರು ಒತ್ತೋದು, ರಿಂಗ್ ಆಗೋ ಮೊದಲೇ ಇಟ್ಟುಬಿಡೋದು, ಇದೇ ಆಗಿದೆ. ನೀನು ಎತ್ತಿದರೆ ಏನು ಹೇಳಲಿ ಅನ್ನೋ ಭಯ, ಎತ್ತದೇ ಹೋದರೆ ಇನ್ನೊಂದು ಭಯ. ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟೋಳು ನಾನು, ಅಕ್ಷರ ತಪ್ಪಿದ್ದಲ್ಲಿ ನೀನೇ ಸರಿ ಮಾಡ್ಕೊಂಡು ಓದು.

ನಿಮ್ಮಮ್ಮನ ದನಿ ಇದ್ದ ಕ್ಯಾಸೆಟ್ಟಿನ ಟೇಪು ಎಳೆದು ಕಾಗೆ ಓಡಿಸೋಕೆ ಟೆರೇಸಿನ ಮೇಲೆ ಕಟ್ಟಿದೋಳು ನಾನೇನಾ ಅಂತ ಈಗಲೂ ನಂಬೋಕಾಗ್ತಿಲ್ಲ. ಒಲೆ ಮುಂದೆ ನಿಂತಿರ್ತೀನಿ, ಇದ್ದಕ್ಕಿದ್ದಂಗೆ ಅದು ನೆನಪಾಗುತ್ತೆ. ಉಪ್ಪು ಹಾಕಿದೆನೋ ಇಲ್ಲವೋ ಮರೆತುಹೋಗುತ್ತೆ. ಎರಡೆರಡು ಸಲ ಹಾಕಿದ ಸಾರನ್ನ ನಿನ್ನ ಗಂಡ ಗಿರಿರಾಜ ನೀರು ಬೆರೆಸ್ಕೊಂಡು ಉಣ್ತಾನೆ.

ನನ್ನ ಸ್ವಭಾವ ನಿನಗೆ ಗೊತ್ತು. ಏನೇ ಮುರಿದರೂ ಎಸೆಯೋಕೆ ಕೈ ಬರಲ್ಲ. ಎಸೆದ ಮರುದಿನವೇ ಅದು ಬೇಕಾಗಿಬಿಟ್ಟರೆ ಅನ್ನೋ ದಿಗಿಲು. ಸಡಿಲಾದ ಕುಕ್ಕರ್ ಗ್ಯಾಸ್ಕೆಟ್ಟು ನೀರಿನ ಕೊಡಕ್ಕೆ ಸಿಂಬೆ ಆಯ್ತು. ಹಿಡಿ ಕಿತ್ತ ಬಕೆಟ್ಟಲ್ಲಿ ತುಳಸಿ ಬಂತು. ಸವೆದ ಹಲ್ಲುಜ್ಜೋ ಬ್ರಷ್ಷಿಗೆ ಲಾಡಿ ಕಟ್ಟಿ ಲಂಗಕ್ಕೆ ಪೋಣಿಸ್ತಿದ್ದಾಗ ನೀನು ನೋಡಿ, "ಅತ್ತೆ, ನಾನು ಕಾಲು ಮುರ್ಕೊಂಡ್ರೂ ನನ್ನನ್ನ ಯಾವುದಕ್ಕಾದ್ರೂ ಉಪಯೋಗಿಸ್ಕೊಳ್ತೀರ ಬಿಡಿ" ಅಂದಿದ್ದೆ. ಇಬ್ಬರೂ ನಕ್ಕಿದ್ವಿ. ನೀನು ನಕ್ಕರೆ ನನಗೆ ಅದೇ ಮೆಚ್ಚುಗೆ ಅನ್ನಿಸ್ತಿತ್ತು.

ಆ ಭಾನುವಾರ ಸಬ್ಬಕ್ಕಿ ಸಂಡಿಗೆ ಇಟ್ಟಿದ್ದೆ. ಎರಡು ಸಲ ಕಾಗೆ ಬಂದು ಕೆದಕಿ ಹೋಯ್ತು. ಕೆಳಗಿನ ಮನೆ ಗಂಗಲಕ್ಷ್ಮಮ್ಮ, ಕ್ಯಾಸೆಟ್ಟಿನ ಟೇಪು ಎಳೆದು ಕಟ್ಟಿ, ಗಾಳಿಗೆ ಗುಂಯ್ ಅಂದರೆ ಒಂದು ಹಕ್ಕಿನೂ ಹತ್ತಿರ ಸುಳಿಯಲ್ಲ ಅಂದಳು. ನಮ್ಮ ಟೇಪ್ ರೆಕಾರ್ಡರ್ ಕೆಟ್ಟು ಎರಡು ವರ್ಷ ಆಗಿತ್ತಲ್ಲ. ಬೀರುವಿನ ಕೆಳಗಿನ ಖಾನೇಲಿ ಬಿಸ್ಕತ್ ಡಬ್ಬಿ, ಅದರೊಳಗೆ ಒಂದು ಕ್ಯಾಸೆಟ್ಟು. ಮೂಲೆ ಒಡೆದಿತ್ತು, ಮೇಲೆ ಹೆಸರಿಲ್ಲ, ಚೀಟಿ ಇಲ್ಲ. ಒಡೆದದ್ದು ಅಂದಮೇಲೆ ನನ್ನದೇ ಅಂದುಕೊಂಡುಬಿಟ್ಟೆ. ಬಟ್ಟೆ ಸುತ್ತಿ ಅಷ್ಟು ಜೋಪಾನವಾಗಿ ಯಾರು ಇಟ್ಟರು, ಯಾಕೆ ಇಟ್ಟರು ಅಂತ ಒಂದು ನಿಮಿಷ ಯೋಚಿಸಲಿಲ್ಲ. ಎಲ್ಲಕ್ಕೂ ಚಿಂತೆ ಮಾಡೋ ನಾನು ಅದೊಂದಕ್ಕೆ ಮಾಡಲಿಲ್ಲ ನೋಡು.

ನೀರಿನ ಟ್ಯಾಂಕಿನಿಂದ ಆಂಟೆನಾ ಕಂಬಕ್ಕೆ ನಾಲ್ಕು ಸುತ್ತು ಕಟ್ಟಿದೆ. ಬಿಸಿಲಿಗೆ ಫಳಫಳ ಹೊಳೀತಿತ್ತು. ಬಟ್ಟೆ ತೆಗೆಯೋಕೆ ನೀನು ಮೇಲೆ ಬಂದೆ. ಟೇಪು ಎಲ್ಲಿಂದ ತಗೊಂಡ್ರಿ ಅಂತ ಕೇಳಿದೆ. ನಾನು ಹೆಮ್ಮೆಯಿಂದ ಹೇಳಿದೆ, ಶರಣ್ಯಾ, ಹೆಮ್ಮೆಯಿಂದ. ನಿನ್ನ ಕೈಲಿದ್ದ ಬಟ್ಟೆ ಜಾರಿ ಹಸಿ ಸಂಡಿಗೆ ಮೇಲೆ ಬಿತ್ತು.

"ಅತ್ತೆ, ಅದ್ರಲ್ಲಿ ನಮ್ಮಮ್ಮ ಇದ್ರು."

ಅಷ್ಟೇ ಅಂದೆ. ಅನ್ನಪೂರ್ಣೇಶ್ವರಿ ನಗರಕ್ಕೆ, ನಿಮ್ಮಕ್ಕನ ಮನೆಗೆ ನೀನು ಹೊರಟಾಗಲೂ ನಾನು ಅಲ್ಲೇ ಟ್ಯಾಂಕಿಗೆ ಒರಗಿ ನಿಂತಿದ್ದೆ. ಗಾಳಿ ಬೀಸಿದಾಗೆಲ್ಲ ಅದು ಗುಂಯ್ ಅಂತಿತ್ತು. ಆ ಸದ್ದು ಕೇಳೋಕಾಗದೆ ಕಿವಿ ಮುಚ್ಚಿಕೊಂಡೆ.

ನಿಮ್ಮಮ್ಮನ ದನಿ ಅಂತ ಉಳಿದಿದ್ದು ಅದೊಂದೇ ಅಂತೆ. ಮೂಲೆ ಒಡೆದಿದ್ದಕ್ಕೆ ಟೇಪನ್ನ ಹೊಸ ಕ್ಯಾಸೆಟ್ ಡಬ್ಬಿಗೆ ಹಾಕಿಸ್ಬೇಕು ಅಂತ ಎತ್ತಿಟ್ಟಿದ್ದೆಯಂತೆ. ಗಿರಿರಾಜನಿಗೆ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ ಅಂತ ಅವನ ಮೇಲೆ ರೇಗಿದೆ. ಆಮೇಲೆ ಹೊಳೀತು, ನೀನು ಸೊಸೆಯಾಗಿ ಬಂದ ಮೂರು ವರ್ಷದಲ್ಲಿ ನಾನೇ ಒಂದು ಸಲವೂ ನಿಮ್ಮಮ್ಮನ ವಿಷಯ ಕೇಳಿರಲಿಲ್ಲ. ಕೇಳಿದರೆ ನೀನು ಅತ್ತುಬಿಡ್ತೀಯೇನೋ ಅಂತ ಹೆದರಿಕೆ.

ಸಂಜೆವರೆಗೆ ಗಂಟು ಬಿಡಿಸಿದೆ. ಎರಡು ಕಡೆ ಹಿಟ್ಟು ಅಂಟಿತ್ತು, ಒಂದು ಕಡೆ ಹಿಗ್ಗಿ ದಾರದ ಹಾಗೆ ಆಗಿತ್ತು. ಬೆವರು ತಾಗಬಾರದು ಅಂತ ಕೈ ಒರೆಸಿಕೊಂಡು ಒರೆಸಿಕೊಂಡು ಖಾಲಿ ದಾರದ ರೀಲಿಗೆ ಸುತ್ತಿದೆ. ಮರುದಿನ ವಿಜಯನಗರದಲ್ಲಿ ರೇಡಿಯೋ ರಿಪೇರಿ ಮಾಡೋ ಮುನಿರಾಮಯ್ಯನೋರ ಹತ್ತಿರ ಹೋದೆ. ಅವರು ರೀಲು ನೋಡಿ, ಇಷ್ಟು ವರ್ಷದಲ್ಲಿ ಟೇಪನ್ನ ಬಿಸಿಲಿಗೆ ಒಣಗಿಹಾಕಿದ ಗಿರಾಕಿ ನೀವೊಬ್ಬರೇ ಕಣಮ್ಮ ಅಂದರು. ನಾನು ಅಳೋದು ಕಂಡು ರೀಲು ಈಸ್ಕೊಂಡು ದೀಪದ ಕೆಳಗಿಟ್ಟು ಬಿಚ್ಚೋಕೆ ಕೂತರು. ಒಂದು ವಾರ ಹಿಡೀತು. ಹಾಳಾದದ್ದು ಕತ್ತರಿಸಿ, ಏಳು ಕಡೆ ಅಂಟಿಸಿ, ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ಸೇರಿಸಿದರು.

ನೆನ್ನೆ ಅಂಗಡೀಲೇ ಹಾಕಿ ಕೇಳಿಸಿದರು. ಮೊದಲು ಬರೀ ಸರಸರ. ಆಮೇಲೆ ನಿಮ್ಮಮ್ಮ ಬಂದರು, ಮಗಳೇ. ಪಕ್ಕದ ಸ್ಟೂಲಿನ ಮೇಲೇ ಕೂತಿದ್ದಾರೇನೋ ಅನ್ನೋ ಹಾಗೆ. ಹಾಡು ನಡುನಡುವೆ ಹಾರಿಹೋಗುತ್ತೆ, ಎರಡನೇ ಚರಣ ಪೂರ್ತಿ ಇಲ್ಲ, ಅದು ನನ್ನಿಂದಲೇ ಹೋಯ್ತು. ಹಾಡ್ತಾ ಹಾಡ್ತಾ ನಿಲ್ಲಿಸಿ, ಹಾಲು ಉಕ್ತು ನೋಡೇ ಅಂತ ನಿನ್ನನ್ನ ಒಂದು ಹೆಸರಿಂದ ಕರೆದರು. ಮನೇಲಿ ಮುದ್ದಿಗೆ ಕರೀತಿದ್ದ ಹೆಸರಿರಬೇಕು.

ಒಂದೇ ಸೂರಿನಡಿ ಇದ್ದೂ ನಿನಗೆ ಅಂಥದ್ದೊಂದು ಹೆಸರಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿ ಅಂದುಬಿಟ್ಟೆ. ಮುಂದಿನದು ನಾನು ಕೇಳಿಲ್ಲ. ನೀನು ಕೇಳೋ ಮೊದಲು ನಾನು ಕೇಳಬಾರದು.

ಕ್ಯಾಸೆಟ್ಟು, ಮುನಿರಾಮಯ್ಯನೋರು ಕೊಟ್ಟ ಟೇಪ್ ರೆಕಾರ್ಡರ್ ಎರಡನ್ನೂ ಗಿರಿರಾಜನ ಕೈಲಿ ಕಳಿಸ್ತಾ ಇದೀನಿ. ಕತ್ತರಿಸಿ ತೆಗೆದ ಚೂರುಗಳೂ ಪೊಟ್ಟಣದಲ್ಲಿವೆ. ಅದರಲ್ಲಿ ಯಾವ ಮಾತಿತ್ತೋ. ಬಾ ಅಂತ ಕರೆಯೋ ಬಾಯಿ ನನಗಿಲ್ಲ. ನೀನು ಬಂದರೂ ಬರದಿದ್ದರೂ ಆ ಹೆಸರಿಂದ ನಾನು ನಿನ್ನನ್ನ ಯಾವತ್ತೂ ಕರೆಯಲ್ಲ. ಅದು ಅವರದು. ಅದಕ್ಕೇ ಈ ಕಾಗದದಲ್ಲೂ ಬರೆದಿಲ್ಲ.

ತಲೆ ತುಂಬ ಹೂವು, ಕಿವಿ ತುಂಬ ನಿಮ್ಮಮ್ಮನ ದನಿ ಇಟ್ಟುಕೊಂಡು ನೂರು ವರ್ಷ ಬಾಳು ತಾಯಿ.

ನಿನ್ನ ಮುಂದೆ ತಲೆ ತಗ್ಗಿಸಿರೋ
ಅತ್ತೆ, ಕಲ್ಯಾಣಮ್ಮ