ಎಡೆಗೆ ಇಟ್ಟ ಖಾರದ ಜೇನು

ಪ್ರೀತಿಯ ಅತ್ತಿಗೆ ಹಾಲಮ್ಮನಿಗೆ,

ಕೊಟ್ಟೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು ನಿನ್ನ ನಾದಿನಿ ಗಂಗಾ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಜೇನಿನ ಭರಣಿ ಬಿಸಿಲು ಕಾಯುತ್ತಿದೆ. ಮೋಡ ಬಂದಾಗ ಒಳಗಿನದು ಕಪ್ಪಾಗುತ್ತದೆ, ಮೋಡ ಸರಿದರೆ ಮತ್ತೆ ಕೆಂಪು. ನೀನು ಹೋದದ್ದು ಮಾಘದ ಚಳಿಯಲ್ಲಿ. ಈಗ ಹಿರಿಯರ ಹಬ್ಬವೂ ಮುಗಿಯಿತು. ನಿನ್ನ ಹೆಸರಿಗೆ ಮೊದಲ ಸಲ ಎಡೆ ಇಟ್ಟೆವು. ಅದರ ಕತೆ ಹೇಳಬೇಕು. ಅದಕ್ಕೂ ಮೊದಲು ಒಂದು ಮಾತು ಕೇಳಬೇಕು. ನೀನಿರುವಲ್ಲಿ ನಿನಗೆ ವಾಸನೆ ತಿಳಿಯುತ್ತಿದೆಯೇ?

ಈ ಪ್ರಶ್ನೆಯನ್ನು ಬೇರೆ ಯಾರಿಗೆ ಕೇಳಿದರೂ ಎಂ.ಎ. ಮಾಡಿದವಳು, ಕವಿತೆ ಓದಿ ಓದಿ ಹೀಗಾಗಿದ್ದಾಳೆ ಅಂದುಕೊಂಡು ಸುಮ್ಮನಾಗುತ್ತಾರೆ. ನೀನಾದರೆ ಅಂದುಕೊಂಡದ್ದನ್ನು ಮುಖಕ್ಕೇ ಹೇಳಿ, ಆಮೇಲೆ ಉತ್ತರವನ್ನೂ ಕೊಡುತ್ತಿದ್ದೆ.

ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ಕಾಲದಲ್ಲಿ ಮನೆಯವರಿಗೆಲ್ಲ ಜ್ವರ ಬಂತಲ್ಲ, ನಮ್ಮ ಜ್ವರ ಬಂದ ಹಾಗೆ ಹೋಯಿತು. ನಿನ್ನ ಜ್ವರ ಹೋಗುವಾಗ ನಿನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಬಸ್ಸುಗಳು ಮತ್ತೆ ಶುರುವಾದ ಹೊಸತರಲ್ಲಿ, ಹೂವಿನಹಡಗಲಿಗೆ ಕೊಟ್ಟ ನಿನ್ನ ಮಗಳು ಚಂದನಾ ಕಂಡಕ್ಟರ್ ಕೈಯಲ್ಲಿ ಮಲ್ಲಿಗೆ ಕಳಿಸಿದ್ದಳು. ನೀನು ಬಾಳೆ ಎಲೆಯ ಪೊಟ್ಟಣ ಬಿಚ್ಚಿ ಮುಖದ ಹತ್ತಿರ ಹಿಡಿದೆ. ಇಳಿಸಿದೆ. ಮತ್ತೆ ಹಿಡಿದೆ. "ಇವತ್ತಿನ ಹೂವಿಗೆ ವಾಸ್ನೇನೇ ಇಲ್ಲ ನೋಡ್ರಿ, ಫ್ರಿಜ್ಜಿನಾಗೆ ಇಟ್ಟಿದ್ರೇನೋ" ಅಂದೆ. ಪಡಸಾಲೆಯ ತುಂಬ ಮಲ್ಲಿಗೆ ಘಮ್ಮೆನ್ನುತ್ತಿತ್ತು. ನೀನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದೆ, ಹೂವನ್ನು ದೇವರ ಮುಂದಿಟ್ಟು ಅಡುಗೆಮನೆಗೆ ಹೋದೆ.

ಅಲ್ಲಿಂದ ಮುಂದೆ ಅಡುಗೆಮನೆಯೇ ನಿನಗೆ ಕತ್ತಲೆಯಾಯಿತು. ನಾಲಿಗೆಗೆ ಉಪ್ಪು ಹುಳಿ ದೂರದಿಂದ ಕೂಗಿದ ಹಾಗೆ ಕೇಳುತ್ತವೆ, ಉಳಿದದ್ದೆಲ್ಲ ಬರೀ ಬಿಸಿ, ತಣ್ಣಗೆ, ಮೆತ್ತಗೆ ಅನ್ನುತ್ತಿದ್ದೆ. ಒಂದು ದಿನ ಬೇಳೆ ತಳ ಹತ್ತಿತು. ಅಣ್ಣ ಗವಿಸಿದ್ದೇಶ್ ತುಟಿ ಪಿಟಕ್ಕೆನ್ನದೆ ಉಂಡ. ಸಾಲದ್ದಕ್ಕೆ ಇನ್ನೊಂದು ಸೌಟು ಹಾಕಿಸಿಕೊಂಡ. ನೀನು ಪಾತ್ರೆ ತಿಕ್ಕಲು ಕೂತಾಗ ತಳದ ಕಪ್ಪು ಕಂಡಿತು. ಹಾಗೇ ಎತ್ತಿಕೊಂಡು ಪಡಸಾಲೆಗೆ ಬಂದೆ. "ಇಷ್ಟು ಸೀದೈತೆ. ಒಬ್ರಾದ್ರೂ ಹೇಳಬಾರ್ದಾ? ನಾನೇನು ಈ ಮನೆಗೆ ಬಂದ ನೆಂಟ್ರಾ?" ಅಣ್ಣ ಪೇಪರಿನಿಂದ ಮುಖ ಎತ್ತದೆ, "ಚಲೋನ ಆಗಿತ್ತು ಬಿಡು" ಅಂದ. ಅವ್ವ ಮಾತ್ರ, "ಸೀದಿತ್ತವ್ವ. ನಾಳಿಂದ ನಾ ಹೇಳ್ತೀನಿ" ಅಂದಳು. ನೀನು ಅತ್ತದ್ದು ಆಗ. ಬೇಳೆ ಸೀದದ್ದಕ್ಕಲ್ಲ, ಅಣ್ಣ ಎರಡನೇ ಸಲ ಹಾಕಿಸಿಕೊಂಡದ್ದಕ್ಕೆ.

ಆಮೇಲೆ ನಾನು ನಿನ್ನ ಮೂಗಾದೆ. "ಗಂಗಾ, ಬಂದು ಮೂಗು ಕೊಡು" ಎಂದು ನೀನು ಕೂಗುತ್ತಿದ್ದೆ. ನಾನು ಪುಸ್ತಕ ಹಿಡಿದು ಬಂದು ಅಡುಗೆಕಟ್ಟೆಯ ಪಕ್ಕ ಕೂರುತ್ತಿದ್ದೆ, ನಡುನಡುವೆ ಎರಡು ಸಾಲು ಓದಿ ಹೇಳುತ್ತಿದ್ದೆ. "ನಿನ್ನ ಕವಿತ್ಯಾಗೆ ಎಷ್ಟು ಹೂವು ಬಿಟ್ರೂ ನನಗೆ ಅಷ್ಟೇ ಲೇ. ಒಗ್ಗರಣೆ ಸೀಯ್ತೈತೇನು ನೋಡು ಮೊದ್ಲು!" ನೀನು 'ಐತೆ' ಅನ್ನುವುದು, ನಾವು 'ಐತಿ' ಅನ್ನುವುದು; ಅಷ್ಟು ವರ್ಷ ಈ ಮನೆಯಲ್ಲಿದ್ದರೂ ಹರಪನಹಳ್ಳಿ ಕಡೆಯ ಆ ಮಾತನ್ನು ನೀನು ಬಿಡಲಿಲ್ಲ. ಈಗ ಈ ಮನೆಯಲ್ಲಿ ಯಾರೂ 'ಐತೆ' ಅನ್ನುವುದಿಲ್ಲ, ಅತ್ತಿಗೆ.

ಆ ಸಂಜೆ ನೆನಪಿದೆಯೇ, ಅಣ್ಣ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದದ್ದು? ನಿನಗೆ ಮಂಡಕ್ಕಿ ಅಂದರೆ ಕಾಗದ, ಮಿರ್ಚಿ ಅಂದರೆ ಬಿಸಿ ಹತ್ತಿ. ನಾವು ತಿನ್ನುತ್ತೇವೆಂದು ನೀನೂ ಒಂದು ಕಚ್ಚಿದೆ. ಆ ದಿನದ ಮೆಣಸಿನಕಾಯಿ ಎಂಥದಿತ್ತೋ, ಕಣ್ಣು ಅಗಲಿಸಿ ಕೂತುಬಿಟ್ಟೆ. "ಲೇ ಗಂಗಾ, ಬಾಯಾಗೆ ಏನೋ ಐತೆ!" ಅವ್ವ ಗಾಬರಿಯಾಗಿ ದೇವರ ಗೂಡಿನಿಂದ ಜೇನುತುಪ್ಪದ ಬಾಟ್ಲಿ ತಂದು ಒಂದು ಚಮಚ ನೆಕ್ಕಿಸಿದಳು. ನಿನ್ನ ತಮ್ಮ ಪಾಲಾಕ್ಷ ಉಚ್ಚಂಗಿದುರ್ಗದ ಬಂಡೆಗಳ ಹೆಜ್ಜೇನು ತಂದುಕೊಟ್ಟದ್ದು ಅದು. ಅವ್ವ ಅದನ್ನು ಅಭಿಷೇಕಕ್ಕೆ, ಕೆಮ್ಮಿಗೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯುತ್ತಿರಲಿಲ್ಲ. ನೀನು ಅದನ್ನು ನಾಲಿಗೆಯ ಮೇಲೆ ಹೊರಳಿಸಿದೆ. ಆಮೇಲೆ ಮೆಲ್ಲಗೆ ಹೇಳಿದೆ. "ಖಾರದ ಹಿಂದೇನೇ ಸಿಹಿ ಬಂತು."

ಮರುದಿನವೇ ನೀನು ಹಸಿಮೆಣಸಿನಕಾಯಿ ಹೆಚ್ಚಿ ಜೇನಿಗೆ ಹಾಕಿ, ಮುಚ್ಚಳ ಬಿಗಿದು ಮಾಳಿಗೆಯ ಮೇಲಿಟ್ಟೆ. ಹಸಿಕಾಯಿಯ ನೀರು ಸೇರಿ ಜೇನು ಹುಳಿಯಿತು, ನೊರೆ ಉಕ್ಕಿತು, ಮುಚ್ಚಳ ಹಾರಿ ಪಕ್ಕದ ಮನೆಯ ಹಪ್ಪಳದ ಮೇಲೆ ಬಿತ್ತು. ಇರುವೆ ಸಾಲು ಮೆಟ್ಟಿಲಿಳಿದು ಪಡಸಾಲೆಗೇ ಬಂತು. ಅವ್ವನ ಬಾಯಿ ಆ ದಿನ ನಿಲ್ಲಲಿಲ್ಲ. "ದೇವರ ಜೇನಿಗೆ ಖಾರ ಹಾಕ್ತಾರೇನವ್ವ? ನಿಮ್ಮ ದುರ್ಗದಾಗ ಹಿಂಗ ಕಲಿಸ್ಯಾರೇನು?" ನೀನು ಇರುವೆ ಗುಡಿಸುತ್ತ, "ಇಲ್ಲ ಅತ್ತೆ, ಇಲ್ಲಿಗೆ ಬಂದ್ಮ್ಯಾಲೆ ಕಲ್ತಿದ್ದು" ಅಂದೆ. ಅವ್ವ ನಗು ತಡೆಯಲಾರದೆ ಒಳಗೆ ಹೋದಳು.

ಒಣಮೆಣಸಿನಕಾಯಿಗೆ ಬಂದದ್ದು ಆಮೇಲೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ತೊಟ್ಟು ತೆಗೆದು, ಬೀಜ ಸಮೇತ ಮುರಿದು, ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಹುರಿಯುವುದು. ಜೇನನ್ನು ನೇರ ಉರಿಗೆ ಇಡುವಂತಿಲ್ಲ; ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಬೆರಳು ತಾಳುವಷ್ಟು ಬೆಚ್ಚಗೆ ಮಾಡಿ, ಹುರಿದದ್ದನ್ನು ಅದಕ್ಕೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗೆ ಇಡುವುದು. ಮುಂದಿನದನ್ನು ನಮ್ಮೂರ ಬಿಸಿಲು ನೋಡಿಕೊಳ್ಳುತ್ತಿತ್ತು. ಹುರಿಯುವಾಗ ಘಾಟು ಏಳದೆ ಇಳಿಸಿದರೆ ಖಾರ ಜೇನಿಗೆ ಇಳಿಯುವುದಿಲ್ಲ ಎನ್ನುವುದು ನಿನ್ನ ಅಂದಾಜು. ವಾಸನೆ ತಿಳಿಯದಿದ್ದರೂ ಘಾಟು ನಿನ್ನ ಗಂಟಲಿಗೆ ಬಡಿಯುತ್ತಿತ್ತು. ಕೆಮ್ಮಿ, ಕಣ್ಣೊರೆಸಿಕೊಂಡು, "ಬಂತು, ಬಂತು ಲೇ!" ಎಂದು ನಗುತ್ತಿದ್ದೆ, ತವರಿನಿಂದ ಯಾರೋ ಬಸ್ಸಿಳಿದು ಬಂದ ಹಾಗೆ. ನಾವೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಮನೆಯಲ್ಲಿ ನಿನ್ನ ಮೂಗಿಗೆ ಅಂತ ಉಳಿದದ್ದು ಅದೊಂದೇ, ನೀನು ಅದರ ಮುಂದೆ ಮುಖವೊಡ್ಡಿ ನಿಲ್ಲುತ್ತಿದ್ದೆ.

ಎಷ್ಟು ಬಗೆ ಮಾಡಿದೆ ಅದರಲ್ಲಿ. ಬಿಸಿ ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿ ಮೇಲೆ ಆ ಜೇನು. ಕೆಂಡದಲ್ಲಿ ಸುಟ್ಟ ಗೆಣಸು ಸೀಳಿ ಒಳಗೊಂದು ಚಮಚ. ಹುರಿದ ಶೇಂಗಾಕ್ಕೆ ಕಲಸಿ ಆರಿಸಿದರೆ ಅಣ್ಣ ಅಂಗಡಿಗೆ ಹೋಗುವಾಗ ಜೇಬಿಗೆ ಸುರಿದುಕೊಳ್ಳುತ್ತಿದ್ದ. ಎಣ್ಣೆಯಲ್ಲಿ ಬಾಡಿಸಿದ ಬದನೆಕಾಯಿಗೆ ಕೊನೆಯಲ್ಲಿ ಹುಣಸೆರಸದ ಜೊತೆ ಹಾಕಿದ್ದನ್ನು ಚಂದನಾ ಹಡಗಲಿಯಲ್ಲೂ ಮಾಡುತ್ತಾಳಂತೆ. ಅವ್ವ ಮಾತ್ರ ಮುಟ್ಟಲಿಲ್ಲ. "ನನಗ ಆ ಭ್ರಷ್ಟ ಜೇನು ಬ್ಯಾಡ" ಅನ್ನುತ್ತಲೇ, ಪಾಲಾಕ್ಷ ಬಂದಾಗಲೆಲ್ಲ "ಅಕಿಗೆ ಒಂದು ಬಾಟ್ಲಿ ಬ್ಯಾರೆ ತಂದಿಯೇನಪ್ಪ?" ಎಂದು ಕೇಳುತ್ತಿದ್ದಳು.

ಎದೆ ನೋವು ಅಂದ ಬೆಳಿಗ್ಗೆಯ ಮಾತು ಬರೆಯುವುದಿಲ್ಲ. ದಾವಣಗೆರೆಯ ದಾರಿಯಲ್ಲಿ ನಿನ್ನ ಕೈ ನನ್ನ ಕೈಯಲ್ಲಿತ್ತು, ಅಷ್ಟು ಸಾಕು. ಮನೆಗೆ ಕರೆತಂದಾಗ ಮುತ್ತೈದೆಯೆಂದು ನಿನ್ನ ಮೈತುಂಬ ಮಲ್ಲಿಗೆ ಹಾಕಿದರು. ಅಷ್ಟು ಮಲ್ಲಿಗೆ! ನಾನು ಬಾಗಿಲಲ್ಲಿ ನಿಂತು, ಇವಳಿಗೆ ತಿಳಿಯುವುದಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ.

ಹಿರಿಯರ ಹಬ್ಬ ಹತ್ತಿರ ಬಂದಾಗ ಎಡೆಗೆ ಏನೇನು ಎಂಬ ಮಾತು ಬಂತು. ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ಅಣ್ಣ ಹೋಳಿಗೆ ಅಂದ, ಚಂದನಾ ಫೋನಿನಲ್ಲಿ ಮಲ್ಲಿಗೆ ಕಳಿಸುತ್ತೇನೆ ಅಂದಳು. ನಾನು ಖಾರದ ಜೇನು ಅಂದೆ. ಅವ್ವ ತಟ್ಟನೆ ತಲೆ ಎತ್ತಿದಳು. "ಅದು ರೋಗದಾಗ ತಿಂದಿದ್ದು. ರೋಗ ಮೈಗೆ ಇತ್ತು, ಮೈ ಹೋತು, ಅದೂ ಹೋತು. ಈಗ ಅಕಿಗೆ ಎಲ್ಲಾ ವಾಸ್ನಿ ಬರ್ತೈತಿ. ಹೋಳಿಗಿ ಇಡು, ಹೂವ ಇಡು. ಮತ್ಯಾಕ ಆ ಖಾರ ನೆನಪು ಮಾಡ್ತಿ?" ಅವ್ವನ ಮಾತು ನಿಜವಿರಲಿ ಎಂದು ಎಷ್ಟು ಆಸೆಪಟ್ಟೆ ಗೊತ್ತೇ? ಆದರೆ ನಿಜವಲ್ಲದಿದ್ದರೆ? ನೀನು ಅಷ್ಟು ದೂರದಿಂದ ಬಂದು ಎಲೆಯ ಮುಂದೆ ಕೂತು, ಹೋಳಿಗೆ ಮುರಿದು ಬಾಯಿಗಿಟ್ಟು, ಮೆತ್ತಗಿದೆ, ಬಿಸಿಯಿದೆ ಎಂದಷ್ಟೇ ತಿಳಿದು ಎದ್ದು ಹೋದರೆ? ಅದನ್ನೇ ಅವ್ವನಿಗೆ ಹೇಳಿದೆ. ಅವಳು ಎದ್ದು ಹಿತ್ತಲಿಗೆ ಹೋದಳು.

ನೀನು ಮಾಡಿಟ್ಟ ಭರಣಿಯ ತಳದಲ್ಲಿ ಸ್ವಲ್ಪ ಉಳಿದಿದೆ. ಅದು ಎಂಜಲಾದದ್ದು, ಎಡೆಗೆ ಬರುವುದಿಲ್ಲ. ಹೊಸದಾಗಿ ಮಾಡಬೇಕಿತ್ತು. ಎಡೆಯ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲವಲ್ಲ. ಹಂಚಿನ ಮುಂದೆ ನಿಂತಾಗ ಹೊಳೆಯಿತು: ನಾನು ಮೊದಲ ಸಲ ನಿನ್ನ ಹಾಗೆ ಅಡುಗೆ ಮಾಡುತ್ತಿದ್ದೇನೆ. ನಾಲಿಗೆ ಕಟ್ಟಿಟ್ಟುಕೊಂಡು, ಬಣ್ಣ ನೋಡಿ, ಸದ್ದು ಕೇಳಿ, ಅಂದಾಜಿನಲ್ಲಿ. ನಿನಗೆ ನಾನಿದ್ದೆ. ನನಗೆ "ಮೂಗು ಕೊಡು" ಎಂದು ಕೂಗಿ ಕರೆಯಲು ಯಾರೂ ಇರಲಿಲ್ಲ. ಮೆಣಸಿನಕಾಯಿ ಚಿಟಚಿಟ ಅನ್ನತೊಡಗಿತು, ಘಾಟು ಆಗತಾನೆ ಏಳುತ್ತಿತ್ತು, ಪಡಸಾಲೆಯಲ್ಲಿ ಅವ್ವ ಕೆಮ್ಮಿದಳು. ಬೈಯುತ್ತಾಳೆಂದು ಹೆದರಿ ಹಂಚು ಇಳಿಸಿಬಿಟ್ಟೆ. ಅವಳು ಬೈಯಲಿಲ್ಲ. ಭರಣಿಯನ್ನು ಮಾಳಿಗೆಗೆ ಒಯ್ಯುವಾಗ ದಾರಿ ಬಿಟ್ಟು ನಿಂತಳು.

ಹಬ್ಬದ ದಿನ ನಿನ್ನ ಹಸಿರು ಸೀರೆ, ಬಳೆ, ಕುಂಕುಮ, ಹಡಗಲಿಯ ಮಲ್ಲಿಗೆ ಇಟ್ಟೆವು. ಎಲೆಯ ಮೇಲೆ ಹೋಳಿಗೆ, ಅನ್ನ, ಪಲ್ಯ. ಒಂದು ಮೂಲೆಯಲ್ಲಿ ಸಜ್ಜೆ ರೊಟ್ಟಿ, ಅದರ ಮೇಲೆ ಕೆಂಪು ಜೇನು. ಅವ್ವ ಅದನ್ನು ನೋಡಿದಳು, ತೆಗೆಯಲಿಲ್ಲ. ಲೋಬಾನ ಹಾಕಿ, ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಹೊರಗೆ ಜಗುಲಿಯ ಮೇಲೆ ಕೂತೆವು. ನೀನು ಉಣ್ಣುವ ಹೊತ್ತು. ಅಣ್ಣ ಜೇಬಿಗೆ ಕೈ ಹಾಕಿ ಏನೋ ಹುಡುಕಿದ, ಶೇಂಗಾ ಇರಬಹುದು ಎನ್ನುವ ಹಾಗೆ, ಆಮೇಲೆ ಬರಿಗೈ ತೆಗೆದ.

ಬಾಗಿಲು ತೆರೆದು ಪ್ರಸಾದ ಹಂಚುವಾಗ ಅವ್ವ ನನ್ನ ಕೈ ತಡೆದಳು. ಹೋಳಿಗೆಯ ತಟ್ಟೆ ಸರಿಸಿ, ಆ ರೊಟ್ಟಿಯದೇ ಒಂದು ಚೂರು ಮುರಿದುಕೊಂಡಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ಬಾಯಿಗಿಟ್ಟದ್ದು. ಬಹಳ ಹೊತ್ತು ಅಗಿದಳು.

"ಸಿಹಿ ಆಗೈತಿ. ಖಾರ ಸಾಲ್ದು, ಗಂಗಾ" ಅಂದಳು. ಮತ್ತೆ ಬಾಗಿಲ ಕಡೆ ನೋಡಿ, ತನಗೇ ಹೇಳಿಕೊಂಡ ಹಾಗೆ, "ಅಕಿಗೆ ಗೊತ್ತ ಆಗಿರಂಗಿಲ್ಲ" ಅಂದಳು.

ನಾನೂ ಬಾಯಿಗಿಟ್ಟೆ. ಅವ್ವ ಹೇಳಿದ್ದು ನಿಜ. ನಮಗೆ ಸಾಕಾಗುವಷ್ಟಿತ್ತು, ನಿನಗೆ ಸಾಲುವಷ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಮೊರ ಮುಂದಿಟ್ಟುಕೊಂಡು ಮೆಣಸಿನಕಾಯಿ ಮುರಿಯುತ್ತಿದ್ದಳು. ಬ್ಯಾಡಗಿಯನ್ನು ಪಕ್ಕಕ್ಕೆ ಸರಿಸಿ ಬರೀ ಗುಂಟೂರೇ ಆರಿಸುತ್ತಿದ್ದಳು. "ಅಮಾಸಿ ಅಮಾಸಿಗೆ ಎಡಿ ಇಟ್ರಾತು, ಯಾರು ಬ್ಯಾಡ ಅಂತಾರ? ಹಂಚು ಇಡು. ಮೊನ್ನಿ ನಾ ಕೆಮ್ಮಿದ್ದಕ್ಕ ಇಳಿಸಿಬಿಟ್ಟಿ ನೀನು. ಈ ಸಲ ನಾ ಎಷ್ಟು ಕೆಮ್ಮಿದ್ರೂ ಇಳಸಬ್ಯಾಡ." ಓಡಿಹೋಗಲಿಲ್ಲ ಅವಳು. ಮೂಗು ಮುಚ್ಚಿಕೊಳ್ಳಲೂ ಇಲ್ಲ. ನೀನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಗೋಡೆ ಹಿಡಿದುಕೊಂಡು ಕೆಮ್ಮಿದಳು. ಘಾಟು ಸೂರಿಗೆ ಏರಿ, ಪಡಸಾಲೆ ದಾಟಿ, ಅಣ್ಣ ಸ್ನಾನದ ಮನೆಯಿಂದ ಕೂಗಿಕೊಂಡ ಮೇಲೆ, "ಈಗ ಬಂತು ನೋಡು" ಅಂದಳು.

ಅದೇ ಭರಣಿ ಈಗ ನನ್ನ ಪಕ್ಕದಲ್ಲಿದೆ. ಬಿಸಿಲು ಬಂದಿದೆ, ಜೇನು ಮತ್ತೆ ಕೆಂಪಾಗಿದೆ. ಅತ್ತಿಗೆ, ನಿನಗೆ ವಾಸನೆ ಮರಳಿ ಬಂದಿದ್ದರೆ ಮಗಳು ಕಳಿಸಿದ ಮಲ್ಲಿಗೆ ಮುಡಿದುಕೊಂಡು ನೆಮ್ಮದಿಯಾಗಿರು. ನಮ್ಮ ಈ ಖಾರದ ಹಂಗು ನಿನಗೆ ಬೇಡ. ಬಂದಿರದಿದ್ದರೆ ಬರುವ ಅಮಾವಾಸ್ಯೆಗೆ ಬಾ. ಅವ್ವ ಮಾಡಿಸಿದ್ದಾಳೆ, ನಿನಗೆ ಖಂಡಿತ ಗೊತ್ತಾಗುತ್ತದೆ.

ಹೋದ ದಾರಿ ನಿನಗೆ ತಂಪಾಗಿರಲಿ.

ಮೂಗು ಕೊಡುತ್ತಿದ್ದ ನಿನ್ನ ನಾದಿನಿ,
ಗಂಗಾ