ಚಾವಣಿ ಮುಟ್ಟದ ಗೋಡೆ

ಸೋಮವಾರ, ಬೆಳಗ್ಗೆ

ನನ್ನ ಮುದ್ದು ಮಗಳೇ,

ಫೋನಿರುವಾಗ ಅಮ್ಮನಿಗೇಕೆ ಕಾಗದ ಬರೆಯುವ ಹುಚ್ಚು ಎಂದು ನಗಬೇಡ. ಇಲ್ಲಿ ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಯವರಿಗೆ ಅಕ್ಷರ ಅಕ್ಷರವೂ ಕೇಳುತ್ತದೆ. ಇವತ್ತಿನ ವಿಷಯವೋ, ಆ ಪಕ್ಕದ ಮನೆಯವರದೇ.

ಗಾಜು ಹಾಕಿಸಿದ್ದಾಯಿತಾ ಎಂದು ಕೇಳಿದ್ದೆಯಲ್ಲ. ಹಾಕಿಸಲಿಲ್ಲ. ಕೋಪ ಮಾಡಿಕೊಳ್ಳದೆ ಪೂರ್ತಿ ಓದು.

ನೀನು ನನ್ನನ್ನು ಇಲ್ಲಿ ಬಿಟ್ಟು ಹೋದಾಗ ನಾನೂ ಗೊಣಗಿದ್ದೆ. ಯಾವ ಕಾಲದ್ದೋ ಸಿರಿವಂತರ ಬಂಗಲೆ. ಕೆಳಗೆ ಕನ್ನಡಕದ ಅಂಗಡಿ, ಔಷಧಿ ಅಂಗಡಿ. ಮೇಲಿನ ದೊಡ್ಡ ಹಜಾರವನ್ನು ಎರಡು ಮಾಡಿ ನನಗೊಂದು ಮನೆ, ಕೆಲಸದಿಂದ ನಿವೃತ್ತರಾದ ಒಬ್ಬಂಟಿ ಬಸ್ ಕಂಡಕ್ಟರಿಗೊಂದು. ಚಾವಣಿಯ ಗಾರೆಯಲ್ಲಿ ಮೂಡಿಸಿದ ಬಳ್ಳಿ, ಹಕ್ಕಿಗಳನ್ನು ಯಾರೂ ಮುಟ್ಟಬಾರದೆಂದು ಸರ್ಕಾರದ ಕಟ್ಟಪ್ಪಣೆ. ಹಾಗಾಗಿ ನಡುವಿನ ಗೋಡೆ ಮೊಳದಷ್ಟು ಕೆಳಗೇ ನಿಂತುಬಿಟ್ಟಿದೆ. ಆ ಸಂದಿಯಿಂದ ಅವರ ರೇಡಿಯೊ, ಕೆಮ್ಮು, ಈರುಳ್ಳಿ ಸೀದ ವಾಸನೆ, ಎಲ್ಲವೂ ನನ್ನ ಮನೆಗೆ. ಹಕ್ಕಿಗಳಿಗಿರುವ ಮರ್ಯಾದೆ ನನ್ನಮ್ಮನಿಗಿಲ್ಲವೇ ಎಂದು ಸಿಡುಕಿ, ಅಲ್ಲಿಗೆ ಗಾಜು ಹಾಕಿಸಬೇಕೆಂದು ಅರ್ಜಿ ಕೊಟ್ಟವಳು ನೀನೇ.

ಹೋದ ತಿಂಗಳು ಗಂಟಲು ಕಟ್ಟಿದೆ ಎಂದಿದ್ದೆನಲ್ಲ, ಅದು ಸುಳ್ಳು. ಜ್ವರ ನೆತ್ತಿಗೇರಿ ಅಡುಗೆಮನೆಯಲ್ಲಿ ಬಿದ್ದಿದ್ದೆ. ಪಾತ್ರೆ ಉರುಳಿದ ಸದ್ದಿಗೆ ಗೋಡೆಯಾಚೆಯಿಂದ ಅವರು, "ಏನಮ್ಮಾ, ಹುಷಾರಾಗಿದ್ದೀರಾ?" ಎಂದು ಕೂಗಿದರು. ನನಗೆ ದನಿಯೇ ಹೊರಡಲಿಲ್ಲ. ಕಾವಲುಗಾರನಿಂದ ಬೀಗದಕೈ ಇಸಿದುಕೊಂಡು, ಔಷಧಿ ಅಂಗಡಿಯವಳನ್ನೂ ಕರೆದುಕೊಂಡು ಓಡಿ ಬಂದರು. ನಿನಗೆ ತಿಳಿಸುತ್ತೇನೆಂದರು, ನಾನೇ ಬೇಡವೆಂದೆ. ಜ್ವರ ಇಳಿಯುವವರೆಗೂ ಗೋಡೆಯ ಆ ಬದಿಗೆ ಕುರ್ಚಿ ಎಳೆದುಕೊಂಡು ಕೂತು ತಮ್ಮ ಬಸ್ಸಿನ ಕಥೆಗಳನ್ನು ಹೇಳಿದರು. ನಾನು ಸುಮ್ಮನಾದರೆ ಕಥೆಯೂ ನಿಲ್ಲುತ್ತಿತ್ತು. "ಹೂಂ ಅನ್ನಿ, ಇಲ್ಲಾಂದ್ರೆ ಬಸ್ ಮುಂದಕ್ಕೆ ಹೋಗಲ್ಲ" ಎನ್ನುತ್ತಿದ್ದರು. ನಿನ್ನ ಅಪ್ಪ ಹೋದಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಮೊನ್ನೆ ಅಪ್ಪಣೆ ಸಿಕ್ಕಿ, ಗಾಜಿನವನು ಏಣಿ ಹೊತ್ತು ಬಂದ. ಅವನು ಅಳತೆ ಹಿಡಿಯಲು ಮೇಲೆ ಹತ್ತುತ್ತಲೇ ಆಚೆ ಬದಿ ರೇಡಿಯೊ ನಿಂತಿತು. ಕೆಮ್ಮೂ ಇಲ್ಲ, ಕುರ್ಚಿ ಸರಿಸಿದ ಸದ್ದೂ ಇಲ್ಲ. ಮುಂದೆ ದಿನವೂ ಹೀಗೇ ಇರುತ್ತದಲ್ಲ ಎನ್ನಿಸಿತು ಕಣೇ. "ಬೇಡಪ್ಪಾ, ಇಳಿದುಬಿಡು" ಎಂದೆ.

"ಯಾಕಮ್ಮಾ, ಗಾಳಿ ಬೇಕಾ?"

"ಹೂಂ, ಗಾಳಿ ಬೇಕು."

ಆಚೆಯಿಂದ ಮೆಲ್ಲಗೆ, ಬಸ್ಸು ಹೊರಡಿಸುವವರ ಹಾಗೆ, "ರೈಟ್" ಎಂದರು.

ಹಾಗಾಗಿ ನಿನ್ನ ಮನೆಗೆ ಬಂದಿರು ಎಂದು ಸದ್ಯಕ್ಕೆ ಒತ್ತಾಯ ಮಾಡಬೇಡ. ನನಗೆ ಇಲ್ಲೇ ಹಿತವಾಗಿದೆ. ಮಗೂಗೆ ಅಜ್ಜಿಯ ಮುತ್ತು. ಅಳಿಯಂದಿರಿಗೆ ಜ್ವರದ ಸಂಗತಿ ನಿಧಾನವಾಗಿ ಹೇಳು.

ನಿನ್ನ
ಅಮ್ಮ

ಮರೆತಿದ್ದೆ: ಮನೆ ಮಾಲೀಕರನ್ನು ನಾವಿಬ್ಬರೂ ಹೋಗಿ ಒಂದು ಮಾತು ಕೇಳಿಕೊಂಡು ಬಂದೆವು. ಚಾವಣಿಯನ್ನು ಮುಟ್ಟುವ ಹಾಗಿಲ್ಲ, ಕಿಟಕಿ ಬಾಗಿಲುಗಳನ್ನೂ ಮುಟ್ಟುವ ಹಾಗಿಲ್ಲ. ಆದರೆ ನಡುವಿನ ಗೋಡೆ ಈಚಿನದಂತೆ. ಅದನ್ನು ತೆಗೆಸಲು ಯಾರ ಅಪ್ಪಣೆಯೂ ಬೇಡವಂತೆ. ನನಗೆ ಮಾತ್ರ ನಿನ್ನದೊಂದು ಬೇಕು.