ಒಂದೇ ಮೊಟ್ಟೆಯ ಎರಡು ಹೋಳು

ಮಾರ್ಚ್ ೯, ಭಾನುವಾರ

ಪ್ರೀತಿಯ ತಂಗಿಗೆ, ನಿನ್ನ ಅಕ್ಕನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಎದುರಿನ ಪುಟ್ಟ ಕುರ್ಚಿ ಕಣ್ಣಿಗೆ ಬೀಳುತ್ತಿತ್ತು, ಎದ್ದುಬಿಡುತ್ತಿದ್ದೆ. ನಿನ್ನೆ ನಿನ್ನ ಭಾವ ಅದನ್ನು ಅಟ್ಟಕ್ಕೆ ಹಾಕಿದರು. ನಾನೂ ಬೇಡವೆನ್ನಲಿಲ್ಲ.

"ಅಕ್ಕಾ, ಬರಲಾ?" ಎಂದಷ್ಟೇ ಕೇಳಿದ್ದೀಯ. ಹೇಳುತ್ತೇನೆ, ಮೊದಲು ನಮ್ಮ ಲ್ಯಾಬಿನ ಸುದ್ದಿ ಕೇಳು.

ನಾವು ಇಲಿಗಳಿಗೆ ಮೊಟ್ಟೆಯ ಬಿಳಿ ಭಾಗದ ಪ್ರೋಟೀನು ಚುಚ್ಚುತ್ತೇವೆ. ಕಂದು ತಳಿಗೂ ಬಿಳಿ ತಳಿಗೂ ಅದೇ ಬಾಟಲಿ, ಅದೇ ಡೋಸು. ಕೆಲವು ವಾರ ಬಿಟ್ಟು ರಕ್ತ ತೆಗೆದು ನೋಡಿದರೆ ಕಂದು ಇಲಿಗಳಲ್ಲಿ ಅಲರ್ಜಿಯ ಆಂಟಿಬಾಡಿ ಮಿತಿಮೀರಿ ಏರಿರುತ್ತದೆ, ಬಿಳಿಯವುಗಳಲ್ಲಿ ಇದ್ದೂ ಇಲ್ಲದಂತೆ. ಪಂಜರ ತೊಳೆಯುವ ಅಜ್ಜ ನಗುತ್ತಾರೆ: "ಈ ಕಂದು ಮಹಾರಾಯರಿಗೆ ಮೂಗಿನ ತುದೀಲೇ ಕೋಪ ಕಣಮ್ಮ. ಬಿಳಿಯವು ಏನು ಚುಚ್ಚಿದ್ರೂ ತೆಪ್ಪಗೆ ಮಲಗ್ತವೆ." ಹೋದ ವಾರ ಬಿಳಿಯವು ಹಾಗೆ ಮಲಗಿದ್ದನ್ನು ನೋಡಲಾರದೆ ಹೊರಗೆ ಬಂದು ಅತ್ತುಬಿಟ್ಟೆ.

ಅವತ್ತು ನೀನು ಮಾಡಿದ್ದೂ ಅಷ್ಟೇ ತಾನೆ? ನಾನು ಕೆಲಸಕ್ಕೆ ಹೋಗಿದ್ದಾಗ ಒಂದು ಮೊಟ್ಟೆ ಬೇಯಿಸಿ, ಎರಡು ಹೋಳು ಮಾಡಿ, ಒಂದನ್ನು ನಿನ್ನ ಮಗಳಿಗೆ, ಇನ್ನೊಂದನ್ನು ನನ್ನ ಗುಂಡಣ್ಣನಿಗೆ ತಿನ್ನಿಸಿದೆ. ಅವಳು ಬಾಯಿ ಒರೆಸಿಕೊಂಡು ಆಡಲು ಓಡಿದಳೆಂದು ನೀನೇ ಹೇಳಿದೆ. ಇವನ ಗಂಟಲು ಊದಿ ಉಸಿರು ಕಟ್ಟಿತು. ನಾನು ಆಸ್ಪತ್ರೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನಿಗೆ ಅದೇ ಮೊದಲ ಮೊಟ್ಟೆ, ಆಗಿಬರುವುದಿಲ್ಲವೆಂದು ಯಾರಿಗೆ ಗೊತ್ತಿತ್ತು? ದಿನವಿಡೀ ಅದೇ ಕೆಲಸ ಮಾಡುವ ಹೆತ್ತವಳಿಗೇ ಗೊತ್ತಿರಲಿಲ್ಲ.

ಮೊನ್ನೆ ಅಮ್ಮ, "ಅವಳು ಒಂದು ಮಾತು ಕೇಳಿ ಕೊಡಬೇಕಿತ್ತು" ಅಂದಾಗ ನಾನೇ ಬಾಯಿ ಮುಚ್ಚಿಸಿದೆ. "ಇಬ್ರಿಗೂ ಕೊಟ್ಟಿದ್ದು ಒಂದೇ ಅಲ್ವೇನಮ್ಮ? ಇವನ ಮೈಗೆ ಒಗ್ಗಲಿಲ್ಲ. ಅದಕ್ಕೆ ಅವಳೇನು ಮಾಡ್ತಾಳೆ?" ಅಂದೆ. ನಿನ್ನದೇನೂ ತಪ್ಪಿಲ್ಲ. ಸಾವಿರ ಸಲ ಬೇಕಾದರೂ ಬರೆದುಕೊಡುತ್ತೇನೆ. ಊಟ ಬಿಟ್ಟು ಕೊರಗುತ್ತಿದ್ದೀಯಂತೆ, ಹಾಗೆ ಮಾಡಬೇಡ. ಮಗಳಿಗೆ ನೀನು ಬೇಕು. ಅವಳಿಗೆ ದೊಡ್ಡಮ್ಮನ ಮುತ್ತು ಕೊಡು. ಅಮ್ಮ ಮಗಳು ನೂರು ಕಾಲ ಚೆನ್ನಾಗಿರಿ.

ನಿನ್ನ
ಅಕ್ಕ

ತಾ.ಕ.: ಬಾ. ಆದರೆ ಮಗಳನ್ನು ಕರೆತರಬೇಡ. ನಿನ್ನ ಮೇಲೆ ಸಿಟ್ಟಿಲ್ಲ, ಅದು ನಿಜ. ಸಿಟ್ಟು ಅವಳ ಮೇಲೆ. ಅದೇ ಮೊಟ್ಟೆ ತಿಂದು ಏನೂ ಆಗದೆ ಆಡಲು ಓಡಿದಳಲ್ಲ, ಆ ಮೂರು ವರ್ಷದ ಕೂಸನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ ಕಣೇ.